ಅಪೊಂಡಿಯ ರಕ್ತ ಹೇಳಿದ್ದು

...ಹಾಗಲ್ಲ ನೆರಿಯಾ ಅಕ್ಕ, ನಿಮ್ಮ ಆಸ್ಪತ್ರೆ ಪರೀಕ್ಷೆನೇ ಎಲ್ಲೋ ತಪ್ಪಿರಬೇಕು. ಕೂತ್ಕೊಳಿ ಮೊದ್ಲು. ಚಹಾ ಕುದೀತಿದೆ, ಕುಡಿದೇ ಹೋಗಬೇಕು. ಕಿಸುಮು ಪಟ್ಟಣದಿಂದ ಬಂದ ಡಾಕ್ಟರು ಶಾಲೇಲಿ ಎಲ್ಲ ಮಕ್ಕಳ ಬೆರಳೂ ಚುಚ್ಚಿದ್ರಲ್ಲ, ಯಾರದೋ ರಕ್ತಕ್ಕೆ ನನ್ನ ಮಗಳು ಅಪೊಂಡಿ ಹೆಸರು ಬರೆದಿರ್ತಾರೆ. ಇಲ್ವಾ? ಮತ್ತೆ ನೋಡಿದ್ರೂ ಅದೇ ಬಂತಾ?

ಇನ್ನೊಂದ್ಸಲ ಹೇಳಿ, ನನ್ನ ತಲೆಗೆ ಹೋಗ್ತಿಲ್ಲ. ಮಗೂಗೆ ಮಲೇರಿಯಾ ಇಲ್ಲ. ಇವತ್ತಿಗಿಲ್ಲ... ಸರಿ. ಆದ್ರೆ ಸೊಳ್ಳೆ ಕಚ್ಚಿದಾಗ ಅದರ ಜೊಲ್ಲು ಒಳಗೆ ಹೋಗುತ್ತೆ, ಆ ಜೊಲ್ಲಿಗೆ ಎದುರಾಗಿ ಮೈ ಏನೋ ಮಾಡ್ಕೊಳುತ್ತೆ... ಹೂಂ, ಪ್ರತಿಕಾಯ. ಕಚ್ಚಿದಷ್ಟೂ ಅದು ಜಾಸ್ತಿ. ಇವಳ ರಕ್ತದಲ್ಲಿ ಇಡೀ ಶಾಲೆಗೇ ಜಾಸ್ತಿ. ಅಂದ್ರೆ, ಸೊಳ್ಳೆ ಪರದೆ ಕಟ್ಟದೆ ಅವಳನ್ನ ಮಲಗಿಸ್ತೀನಿ ಅಂತೀರಾ?

ಪರದೆ ಕಟ್ಟೋ ಆ ಮೊಳೆ ಏನು ನೋಡ್ತೀರಿ? ಪರದೆ ಒಗೆದು ಹಾಕಿದೀನಿ. ಹೊರಗೆ, ಹಗ್ಗದ ಮೇಲೆ... ಬೇಡ, ಬಗ್ಗಿ ನೋಡಬೇಡಿ. ಹಗ್ಗದ ಮೇಲಿಲ್ಲ.

ಸರಿ, ಬೈಯಿರಿ. ಸರೋವರದ ದಂಡೇಲಿ ಒಮೇನಾ ಮೀನು ಒಣಗಿಸೋಕೆ ಅದನ್ನೇ ಹಾಸಿದೀನಿ. ಎಲ್ಲರೂ ಹಾಸ್ತಾರೆ, ನಾನೂ ಹಾಸಿದೆ. ನೀವು ಕೈಯಾರೆ ಕಟ್ಟಿಕೊಟ್ಟ ಪರದೆ, ಮೀನಿನ ಪಾಲು ಮಾಡಿದೆ... ಪಕ್ಕದ ಮನೆ ಅಟಿಯೆನೊಗೆ ಇದಕ್ಕೇ ಬೈದ್ರಲ್ಲ, ಬೀದಿಗೆಲ್ಲ ಕೇಳೋ ಹಾಗೆ. ನನಗೂ ಬೈಯಿರಿ.

ನೀವು ಬೈಯಲ್ಲ. ನನ್ನ ಮಗ ಒಕೆಚ್ ತೀರ್ಕೊಂಡ ಮೇಲೆ ನಾನು ದಂಡೆ ಕಡೆ ಕಾಲೇ ಇಟ್ಟಿಲ್ಲ ಅಂತ ನಿಮಗೆ ಗೊತ್ತು.

ಅಕ್ಕ, ಬಾಗಿಲಾಚೆ ನೋಡಬೇಡಿ. ಅಲ್ಲೇನಿದೆ, ನನ್ನ ಮಗನನ್ನ ಮಲಗಿಸಿದ ಮಣ್ಣು. ಹುಲ್ಲು ಬಂದಿದೆ, ಅಷ್ಟೆ.

ಪರದೆ ಅಂಚು ಹಾಸಿಗೆ ಕೆಳಗೆ ಸಿಕ್ಕಿಸದೇ ಇದ್ರೆ ಅವನಿಗೆ ನಿದ್ದೆ ಬರ್ತಿರ್ಲಿಲ್ಲ, ಗೊತ್ತಾ? "ಅಮ್ಮ, ಕಾಲ ಹತ್ರ ಬಿಟ್ಟಿದೀಯ" ಅಂತ ಎಬ್ಬಿಸೋನು. ಅಷ್ಟು ಜೋಪಾನ ಮಾಡಿದ್ರೂ ಮಲೇರಿಯಾನೇ ಬಂತು. ಮುಸ್ಸಂಜೆ ಹೊರಗೆ ಆಡುವಾಗ ಕಚ್ಚಿತೇನೋ...

ಅವನ ಮೈ ತೊಳೆಯುವಾಗ ನೀವೂ ಇದ್ರಿ. ನೀರು ಸಾಲಲ್ಲ, ಇನ್ನೊಂದು ಕೊಡ ತನ್ನಿ ಅಂತ ನಿಮ್ಮನ್ನ ಕಳಿಸಿದ್ದೆ. ನೀರು ಸಾಕಾಗಿತ್ತು, ಅಕ್ಕ. ನೀವು ಬರೋದ್ರೊಳಗೆ ಅವನನ್ನ ಆ ಪರದೇಲಿ ಸುತ್ತಿಬಿಟ್ಟೆ. ಮೇಲೆ ಬಿಳಿ ಬಟ್ಟೆ ಹೊದಿಸಿದೆ, ಯಾರಿಗೂ ಕಾಣಲಿಲ್ಲ. ಮಣ್ಣೊಳಗೆ ಸೊಳ್ಳೆ ಇರಲ್ಲ ಅಂತ ನನಗೂ ಗೊತ್ತು. ಆದ್ರೆ ಕೈ ಕೇಳಲಿಲ್ಲ. ಕಾಲ ಹತ್ರಾನೂ ಸಿಕ್ಕಿಸಿದೆ.

ಇನ್ನೊಂದು ಪರದೆ ಕೇಳಬಹುದಿತ್ತು ಅಂತೀರಿ. ಕೇಳಿದ್ರೆ ಮೊದಲನೇದು ಎಲ್ಲಿ ಅಂತೀರಿ. ಹೇಳಿದ್ರೆ ಊರ ಹಿರಿಯರು ಗುಂಡಿ ಅಗೆಸಿ ಬಿಚ್ಚಿಸ್ತಾರೇನೋ ಅಂತ ಹೆದರಿಕೆ. ಉಳಿದಿರೋಳು ಅವಳೊಬ್ಬಳೇ, ಅವಳನ್ನೂ ಅದೇ ಸೊಳ್ಳೆ ಬಾಯಿಗೆ ಕೊಡ್ತಿದೀನಿ ಅನ್ನೋದು ಗೊತ್ತಿದ್ದೂ ಬಾಯಿ ಬರಲಿಲ್ಲ ನನಗೆ.

ಇರಿ ಅಕ್ಕ, ಚಹಾ ಇಳಿಸ್ತೀನಿ.

ಅವತ್ತು ನಾನು ಸುತ್ತುವಾಗ ಅಪೊಂಡಿ ಬಾಗಿಲ ಸಂದಿಯಲ್ಲಿ ನಿಂತಿದ್ಲು. ಎಲ್ಲಾ ನೋಡಿದಾಳೆ. ಪರದೆ ಎಲ್ಲಿ ಅಂತ ಇವತ್ತಿನ ತನಕ ಒಂದು ದಿನಾನೂ ಕೇಳಿಲ್ಲ. ಕತ್ತಲಲ್ಲಿ ಮೈ ಕೆರ್ಕೊಳೋ ಸದ್ದು ಕೇಳುತ್ತೆ. ನಾನು ಎದ್ದಿದೀನಿ ಅನಿಸಿದ ತಕ್ಷಣ ನಿಲ್ಲಿಸಿಬಿಡ್ತಾಳೆ.