ಹಿಂದೆ ಹೇಳುವ ಅಮ್ಮ

...ಟೈಲರಮ್ಮ ಹೇಳಿದ್ದು. ನನಗೆ ಇದನ್ನು ಮೊದಲು ಹೇಳಿದವಳು ಅವಳೇ, ನಮ್ಮ ಬೀದಿಯ ಕೊನೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳಲ್ಲ. ಅವಳು ಹೇಳದೇ ಹೋಗಿದ್ದರೆ ನಾನು ಇವತ್ತು ನಿಮ್ಮ ಸ್ಟುಡಿಯೋ ಮೆಟ್ಟಿಲು ಹತ್ತುತ್ತಿರಲಿಲ್ಲ. ಏನು ಹೇಳಿದಳು ಅಂತೀರಾ? ಹೇಳುತ್ತೇನೆ ಇರಿ, ಸ್ವಲ್ಪ ಉಸಿರು ತೆಗೆದುಕೊಳ್ಳುತ್ತೇನೆ.

ಬೇಡ, ನೀರು ಬೇಡ. ನೀವು ಕೂತುಕೊಳ್ಳಿ. ಆ ಕಂಪ್ಯೂಟರ್ ಹಾಗೇ ಇರಲಿ, ಆರಿಸಬೇಡಿ. ನನ್ನ ಕೆಲಸ ಇರುವುದೇ ಅದರಲ್ಲಿ.

ನಮ್ಮ ಮನೆಯವಳು ಹೋಗಿ ಇವತ್ತಿಗೆ ಹನ್ನೊಂದು ವಾರ. ಹೌದು, ನೀವು ಬಂದಿದ್ದಿರಿ, ಗೇಟಿನ ಹತ್ತಿರ ನಿಂತಿದ್ದಿರಿ, ನೋಡಿದೆ. ಮಾತಾಡಿಸಲು ಆಗಲಿಲ್ಲ. ಈಗ ಬಂದದ್ದು ಏನಕ್ಕೆಂದರೆ... ಆಕೆಯ ದನಿ ಬೇಕು ನನಗೆ. ಫೋಟೋ ಇದೆ, ನಾಲ್ಕು ಇದೆ. ಕನ್ನಡಕ ಇದೆ, ಬಾಗಿಲ ಹಿಂದೆ ಚಪ್ಪಲಿ ಇದೆ. ದನಿ ಮಾತ್ರ ಎಲ್ಲೂ ಇಲ್ಲ. ಫೋನಿನಲ್ಲಿ ಹುಡುಕಿದೆ. ಒಂದೇ ಮನೆಯಲ್ಲಿ ಇದ್ದುಕೊಂಡು ಗಂಡ ಹೆಂಡತಿ ಯಾರು ಫೋನಿನಲ್ಲಿ ಮಾತು ಕಳಿಸಿಕೊಳ್ಳುತ್ತಾರೆ ಹೇಳಿ? ಆಮೇಲೆ ಹೊಳೆಯಿತು. ನಮ್ಮ ಪಾಠಗಳಲ್ಲಿ ಇತ್ತಲ್ಲ. ನೂರ ಹನ್ನೆರಡು ಇಂಗ್ಲಿಷ್ ಉಚ್ಚಾರಣೆಯ ಪಾಠ, ಅಷ್ಟನ್ನೂ ನೀವೇ ಈ ಮೇಜಿನ ಮೇಲೆ ಕತ್ತರಿಸಿ ಸರಿಮಾಡಿಕೊಟ್ಟದ್ದು.

ನಿಮಗೆ ಅದರ ಕೊನೆಯ ಭಾಗ ಗೊತ್ತು, ಮೊದಲ ಭಾಗ ಗೊತ್ತಿಲ್ಲ. ಮೂವತ್ತನಾಲ್ಕು ವರ್ಷ ಹಳ್ಳಿ ಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟೆ. ನಾನು ಕಲಿತದ್ದೂ ಹಳ್ಳಿ ಸ್ಕೂಲಿನಲ್ಲೇ. ನಮ್ಮ ಮೇಷ್ಟ್ರು ಹೇಗೆ ಅಂದರೋ ಹಾಗೆ ನಾನು ಅಂದೆ, ನಾನು ಅಂದ ಹಾಗೆ ಸಾವಿರಾರು ಮಕ್ಕಳು ಅಂದವು. ನಿವೃತ್ತಿಯಾದ ಮೇಲೆ ಫೋನು ತಗೊಂಡೆ. ಒಂದು ದಿನ ಅದರಲ್ಲಿ ಒಂದು ವಿಡಿಯೋ ಬಂತು. ಬರೀ ಬಾಯಿ. ಒಬ್ಬ ಹೆಂಗಸಿನ ಬಾಯಿ, ಪರದೆ ತುಂಬ. ವೆರಿ ಅನ್ನುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಪಶ್ಚಿಮ ದಿಕ್ಕಿಗೆ ವೆಸ್ಟ್ ಅನ್ನುವಾಗ ಹಲ್ಲು ತಾಗಲೇಬಾರದು, ತುಟಿ ಗುಂಡಗಾಗಬೇಕು ಅಂತ ತೋರಿಸಿದಳು. ಮೂವತ್ತನಾಲ್ಕು ವರ್ಷ ನಾನು ಎರಡಕ್ಕೂ ಒಂದೇ ಬಾಯಿ ಮಾಡಿದ್ದೆ.

ಅವತ್ತು ದೇವರ ಮುಂದೆ ತುಂಬ ಹೊತ್ತು ಕೂತಿದ್ದೆ. ಅಷ್ಟು ಮಕ್ಕಳ ಬಾಯಿ ಕೆಡಿಸಿದೆನಲ್ಲ ಸ್ವಾಮೀ ಅಂತ. ಆಮೇಲೆ ಒಂದು ವರ್ಷ ಕನ್ನಡಿ ಇಟ್ಟುಕೊಂಡು ನನ್ನ ನಾಲಿಗೆಯನ್ನು ನಾನೇ ತಿದ್ದಿದೆ. ಅರವತ್ತು ದಾಟಿದ ನಾಲಿಗೆ ನೋಡಿ, ಸುಲಭಕ್ಕೆ ಬಗ್ಗುವುದಿಲ್ಲ. ತಿದ್ದಿಕೊಂಡೆ. ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತ ಆಗಲಿ ಅಂತ ಪಾಠ ರೆಕಾರ್ಡ್ ಮಾಡಿ ಎಲ್ಲರಿಗೂ ಸಿಗುವ ಹಾಗೆ ಹಾಕಲು ಶುರು ಮಾಡಿದೆ.

ರೆಕಾರ್ಡ್ ಮಾಡಿದ್ದು ನಮ್ಮ ಸಾಮಾನು ಕೋಣೆಯಲ್ಲಿ, ನೀವೇ ಬಂದು ನೋಡಿದ್ದಿರಿ. ಗೋಡೆಗೆ ಕಂಬಳಿ, ಡಬ್ಬಿಗಳ ಮೇಲೆ ಫೋನು, ಕಿಟಕಿಯ ಸಂದಿಗೆ ಹಳೇ ಬಟ್ಟೆ. ಎಲ್ಲ ಇತ್ತು, ಒಂದು ಮಾತ್ರ ನನಗೆ ಬರಲಿಲ್ಲ. ಒಂದು ಪದ ಹೇಳಿ ಬಿಡುವು ಕೊಡಬೇಕಲ್ಲ, ಕೇಳುವವರು ತಿರುಗಿ ಹೇಳಲು? ಆ ಹೊತ್ತು ಸುಮ್ಮನಿರುವುದು ನನಗೆ ಬರಲಿಲ್ಲ. ಮೇಷ್ಟ್ರುಗಳಿಗೆ ಅದು ಬರುವುದಿಲ್ಲ ಬಿಡಿ. ಅದಕ್ಕೇ ಇವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ನಾನು ಹೇಳಿದ್ದನ್ನು ನೀನು ಹೇಳು, ನೀನು ಮುಗಿಸಿದ ಮೇಲೆ ಮುಂದಿನದು ಹೇಳುತ್ತೇನೆ ಅಂದೆ. ಅಳತೆಗೆ ಅಷ್ಟೇ. ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು.

ಥಿಂಕ್ ಅನ್ನಲು ನಾಲಿಗೆಯ ತುದಿ ಹಲ್ಲಿನ ನಡುವೆ ಹೊರಗೆ ಬರಬೇಕು ಅಂದೆ. ಅಂಗೈ ಅಡ್ಡ ಹಿಡಿದುಕೊಂಡು, "ನಲವತ್ತು ವರ್ಷದಿಂದ ನಿಮಗೆ ನಾಲಿಗೆ ಚಾಚಬೇಕು ಅಂತ ಆಸೆಯಿತ್ತು. ಇವತ್ತು ನೀವೇ ಚಾಚು ಅಂತಿದ್ದೀರಿ" ಅಂದಳು.

ನಗಿ, ನಗಿ. ಆಕೆಯೂ ನಕ್ಕಳು. ಆ ನಗುವೂ ಪಾಠದಲ್ಲೇ ಹೋಯಿತು. ಏಳನೇ ಪಾಠ. ಅದು ನಿಮಗೆ ನೆನಪಿದೆ, ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತದೆ.

ಸರಿ, ಈಗ ವಿಷಯ. ಇಪ್ಪತ್ತನಾಲ್ಕು ಪಾಠಗಳವರೆಗೆ ಆಕೆಯ ದನಿ ಇತ್ತು. ಆಮೇಲೆ ತೆಗೆಸಿದೆವು. ಹಳೆಯವನ್ನೂ ಇಳಿಸಿ, ಆಕೆ ಹೇಳಿದ ಜಾಗವನ್ನೆಲ್ಲ ಖಾಲಿ ಮಾಡಿ, ಮತ್ತೆ ಹಾಕಿದೆವು. ಅಲ್ಲಿಂದ ಮುಂದೆ ಆಕೆ ಪ್ರತಿ ವಾರ ಕೂರುತ್ತಿದ್ದಳು, ಹೇಳುತ್ತಿದ್ದಳು. ನೀವು ಪ್ರತಿ ವಾರ ತೆಗೆಯುತ್ತಿದ್ದಿರಿ. ನಾನು ಕೇಳಲು ಬಂದದ್ದು ಇಷ್ಟೇ. ತೆಗೆದದ್ದನ್ನು ಎಲ್ಲಿ ಇಟ್ಟಿದ್ದೀರಿ? ಟೈಲರಮ್ಮನ ಅಂಗಡಿಯಲ್ಲಿ ಚೂರು ಬಟ್ಟೆಯ ಮೂಟೆ ಇದೆ, ಒಂದು ಚೂರೂ ಎಸೆಯುವುದಿಲ್ಲ ಅವಳು. ಹಾಗೆ ನಿಮ್ಮಲ್ಲೂ ಒಂದು ಕಡೆ ಗುಡ್ಡೆ ಹಾಕಿರುತ್ತೀರಿ ಅಂದುಕೊಂಡೆ. ಪೂರ್ತಿ ಬೇಡ. ಒಂದು ಪದ ಸಿಕ್ಕರೆ ಸಾಕು.

...ಹಾಗೆ ಇಡುವುದಿಲ್ಲವೇ?

ಮತ್ತೆ ರೆಕಾರ್ಡ್ ಮಾಡಿ ನಾನು ತಂದು ಕೊಡುತ್ತಿದ್ದ ಫೋನಿನ ಆ ಚಿಕ್ಕ ಮೆಮೊರಿ ಕಾರ್ಡು? ನನ್ನ ಹತ್ತಿರವೇ ಇದೆ, ಇಗೋ, ಜೇಬಿನಲ್ಲೇ ತಂದಿದ್ದೇನೆ. ಹಾಕಿ ನೋಡಿ. ...ಹೌದು, ಒಂದೇ ಕಾರ್ಡು. ಪ್ರತಿ ವಾರ ಅಳಿಸಿ ಅದರಲ್ಲೇ ಹೊಸದು ತುಂಬುತ್ತಿದ್ದೆವು. ಆದರೂ ಒಮ್ಮೆ ನೋಡಿ, ನನ್ನ ಸಮಾಧಾನಕ್ಕೆ.

ಹೂಂ.

ಇರಲಿ. ಇರಲಿ ಬಿಡಿ. ಹೊರಗೆ ತೆಗೆಯಬೇಡಿ, ಅಲ್ಲೇ ಇರಲಿ.

ಟೈಲರಮ್ಮ ಏನು ಹೇಳಿದಳು ಅಂತ ಕೇಳಿದಿರಲ್ಲ. ಹೋದ ಭಾನುವಾರ ಬಂದಳು, ಇವಳು ಹೊಲಿಯಲು ಕೊಟ್ಟಿದ್ದ ದಿಂಬಿನ ಚೀಲಗಳನ್ನು ಕೊಡಲು. ಕೊಟ್ಟು ಹೋಗಲಿಲ್ಲ, ನಿಂತೇ ಇದ್ದಳು. ಆಮೇಲೆ ಹೇಳಿದಳು. ಹೆಚ್ಚುಕಡಿಮೆ ಎರಡು ವರ್ಷ ಇವಳು ದಿನಾ ಮಧ್ಯಾಹ್ನ ಅವಳ ಅಂಗಡಿಗೆ ಹೋಗುತ್ತಿದ್ದಳಂತೆ. ಅಳತೆ ನೋಡುವ ದೊಡ್ಡ ಕನ್ನಡಿ ಇದೆಯಲ್ಲ, ಅದರ ಮುಂದೆ ನಿಂತು ಒಂದು ಗಂಟೆ ವೆರಿ, ವೆಸ್ಟ್, ಥಿಂಕ್, ಥ್ಯಾಂಕ್. ಬಟ್ಟೆ ಕೊಡಲು ಬಂದವರು ಮುಸಿಮುಸಿ ನಗುತ್ತಿದ್ದರಂತೆ. ಇವಳು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲವಂತೆ. ನಾನು ಊಟ ಮಾಡಿ ಮಲಗಿರುತ್ತಿದ್ದೆ. ತರಕಾರಿಗೆ ಹೋಗಿದ್ದಾಳೆ ಅಂದುಕೊಂಡಿದ್ದೆ.

ಟೈಲರಮ್ಮ ಒಂದು ದಿನ ಕೇಳಿದಳಂತೆ, ಯಾಕಮ್ಮಾ ಈ ವಯಸ್ಸಿನಲ್ಲಿ ಇಷ್ಟು ಒದ್ದಾಟ ಅಂತ. ಅದಕ್ಕೆ ಇವಳು, "ನನ್ನ ದನಿಯನ್ನು ಮೆಷಿನ್ನು ಹಿಡಿಯುತ್ತಿಲ್ಲವಂತೆ ಕಣೇ. ಅವರು ಹೇಳಿದರು. ನಾನು ಬಾಯಿ ಸರಿಯಾಗಿ ತೆರೆಯುತ್ತಿಲ್ಲ ಅಂತ ಕಾಣುತ್ತೆ" ಅಂದಳಂತೆ.

ಹೌದು. ನಾನೇ ಹಾಗೆ ಹೇಳಿದ್ದು. ಮನಸ್ಸಿಗೆ ನೋವಾಗಬಾರದು ಅಂತ. ನಿನ್ನ ದನಿ ಬೇಡ ಅಂದಿದ್ದಾರೆ ಅಂತ ಹೇಗೆ ಹೇಳುವುದು? ಆ ಕೋಚಿಂಗ್ ಸೆಂಟರಿನವರು ಬರೆದಿದ್ದರಲ್ಲ, ಎರಡನೇ ದನಿ ತೆಗೆಸಿ, ಆಗ ನಿಮ್ಮ ಪಾಠಗಳನ್ನು ನಮ್ಮ ಮಕ್ಕಳಿಗೆ ಹಾಕಿ ತೋರಿಸುತ್ತೇವೆ ಅಂತ. ಅವರು ಹಾಗೆ ಬರೆದಮೇಲೆ ನಾನಾದರೂ ಏನು ಮಾಡಬೇಕಿತ್ತು? ಆ ಪತ್ರವನ್ನು ನಿಮಗೂ ತೋರಿಸಿದ್ದೆನಲ್ಲ.

ತೋರಿಸಿದ್ದೆನಲ್ಲ?

ಇಲ್ಲೇ, ಈ ಕುರ್ಚಿಯಲ್ಲೇ ಕೂತು... ಫೋನಿನಲ್ಲಿ ಬಂದಿತ್ತು, ನಿಮಗೆ ಓದಿ...

ಯಾಕೆ ಕೀಲಿಮಣೆ ನೋಡುತ್ತೀರಿ? ಈ ಕಡೆ ನೋಡಿ. ತೋರಿಸಿದ್ದಿರಿ ಮೇಷ್ಟ್ರೇ ಅನ್ನಿ, ಇಲ್ಲ ತೋರಿಸಲಿಲ್ಲ ಅನ್ನಿ. ಏನಾದರೂ ಒಂದು ಅನ್ನಿ.

...

ದೊಡ್ಡ ಮನಸ್ಸಿನವರು ನೀವು. ಬೇರೆ ಯಾರಾದರೂ ಆಗಿದ್ದರೆ ಮುಖದ ಮೇಲೆ ಹೇಳಿಬಿಡುತ್ತಿದ್ದರು.

ಪತ್ರ ಇರಲಿಲ್ಲ. ಯಾವ ಸೆಂಟರಿನವರೂ ಬರೆಯಲಿಲ್ಲ. ಹನ್ನೊಂದು ವಾರದಿಂದ ದಿನಾ ಮನಸ್ಸಿನಲ್ಲಿ ಹೇಳಿಕೊಂಡು ಹೇಳಿಕೊಂಡು, ಅವರು ಬರೆದಿದ್ದರು ಅಂತ ನನಗೇ ನಂಬಿಕೆ ಬಂದುಬಿಟ್ಟಿತ್ತು. ಟೈಲರಮ್ಮನಿಗೂ ಇದೇ ಕಥೆ ಹೇಳಿ ಕಳಿಸಿದೆ.

ಪಾಠದ ಕೆಳಗೆ ಜನ ಬರೆಯುತ್ತಿದ್ದರಲ್ಲ, ಅದನ್ನು ಓದಿದ್ದೀರಾ ನೀವು? ಒಬ್ಬಳು ನರ್ಸು ಬರೆದಿದ್ದಳು. ಸಾರ್ ಹೇಳಿದಾಗ ಹೆದರಿಕೆಯಾಗುತ್ತೆ, ಹಿಂದೆ ಹೇಳುವ ಅಮ್ಮ ಒಂದು ಸಲ ತಪ್ಪಿ, ಅಯ್ಯೋ ಅಂತ ಇನ್ನೊಂದು ಸಲ ಹೇಳ್ತಾರಲ್ಲ, ಆಗ ನನ್ನ ಬಾಯಿ ತಾನಾಗಿ ತಿರುಗುತ್ತೆ ಅಂತ. ಹಿಂದೆ ಹೇಳುವ ಅಮ್ಮ. ಆ ಹೆಸರೇ ನಿಂತಿತು. ಲಾರಿ ಓಡಿಸುವವನೊಬ್ಬ, ಅಮ್ಮನ ಜೊತೆ ಹೇಳಿಕೊಂಡು ಗಾಡಿ ಓಡಿಸುತ್ತೇನೆ ಅಂತ ಬರೆದ. ಇನ್ನೊಬ್ಬ, ಸಾರ್ ಸ್ವಲ್ಪ ಕಡಿಮೆ ಮಾತಾಡಲಿ, ಅಮ್ಮನಿಗೆ ಜಾಸ್ತಿ ಬಿಡಲಿ ಅಂತ. ನಾನು ಕನ್ನಡಿ ಮುಂದೆ ಒಂದು ವರ್ಷ ತಪಸ್ಸು ಮಾಡಿದ ಹಾಗೆ ಮಾಡಿ ತಿದ್ದಿಕೊಂಡ ನಾಲಿಗೆ ಒಬ್ಬರ ಕಣ್ಣಿಗೂ ಬೀಳಲಿಲ್ಲ. ಎರಡನೇ ಕ್ಲಾಸಿನವಳು ತಪ್ಪು ಹೇಳಿದ್ದಕ್ಕೆ ಎಲ್ಲರೂ ಕೈ ಮುಗಿಯುತ್ತಿದ್ದರು.

ಹೊಟ್ಟೆಯುರಿ. ಬೇರೆ ಹೆಸರಿಲ್ಲ ಅದಕ್ಕೆ. ಹೆಂಡತಿಯ ಮೇಲೆ. ದಿನಾ ಎರಡು ಹೊತ್ತು ದೇವರಿಗೆ ಕೈ ಮುಗಿಯುವ ಮನುಷ್ಯ ನಾನು.

ಆಕೆಗೆ ಓದಲು ಬರುತ್ತಿರಲಿಲ್ಲ. ಜನ ಬರೆದ ಒಂದು ಸಾಲನ್ನೂ ನಾನು ಓದಿ ಹೇಳಲಿಲ್ಲ. ಇವತ್ತೇನಾದರೂ ಬರೆದಿದ್ದಾರಾ ಅಂತ ಕೇಳುತ್ತಿದ್ದಳು. ಹಾಂ, ಪಾಠ ಚೆನ್ನಾಗಿದೆ ಅಂತ ಬರೆದಿದ್ದಾರೆ ಅನ್ನುತ್ತಿದ್ದೆ. ಅಷ್ಟಕ್ಕೇ ಮುಖ ಅರಳುತ್ತಿತ್ತು. ನನಗಾಗಿ.

ಆಮೇಲೆ ನಿಮ್ಮ ಹತ್ತಿರ ಬಂದು, ಆ ಎರಡನೇ ದನಿ ತೆಗೆದುಬಿಡಿ, ಯಾಕೆ ಅಂತ ಕೇಳಬೇಡಿ ಅಂದೆ. ನೀವು ಕೇಳಲಿಲ್ಲ. ಮೊದಲ ಪಾಠ ತೆರೆದು ತೆಗೆಯಲು ಶುರು ಮಾಡಿದಿರಿ.

ಆಕೆ ಮಾತ್ರ ಬಿಡಲಿಲ್ಲ. ಮೆಷಿನ್ನು ಹಿಡಿಯುತ್ತಿಲ್ಲ ಅಂದ ಮೇಲೆ ಇನ್ನೂ ಹತ್ತಿರ ಬಂದು ಕೂತಳು. ಬೆಳಿಗ್ಗೆ ಉಪ್ಪುನೀರಿನಲ್ಲಿ ಗಂಟಲು ತೊಳೆದುಕೊಂಡು ಬರುತ್ತಿದ್ದಳು. ಹೇಳಿ ಮುಗಿದ ಮೇಲೆ ಪ್ರತಿ ಸಲ ಒಂದೇ ಪ್ರಶ್ನೆ, ಇವತ್ತಾದರೂ ಹಿಡಿಯಿತಾ ಅಂತ. ಇಲ್ಲ ಕಣೇ ಅನ್ನುತ್ತಿದ್ದೆ. ಆಯ್ತು, ಮುಂದಿನ ವಾರ ನೋಡೋಣ ಅನ್ನುತ್ತಿದ್ದಳು. ಎಂಬತ್ತೆಂಟು ವಾರ. ಒಂದು ವಾರ ಹೌದು ಅಂದಿದ್ದರೆ ನನ್ನ ಗಂಟು ಏನು ಹೋಗುತ್ತಿತ್ತು?

ಆಸ್ಪತ್ರೆಯಲ್ಲಿ, ಮೂಗಿಗೆ ನಳಿಗೆ ಹಾಕುವ ಮುಂಚೆ, ಹತ್ತಿರ ಕರೆದಳು. ಬೀಗದ ಕೈ ವಿಷಯವೋ ಏನೋ ಅಂದುಕೊಂಡು ಬಗ್ಗಿದೆ. "ಆ ಮೆಷಿನ್ನು ಬೇರೆ ತಗೊಳ್ಳಿ. ಇದರಲ್ಲಿ ದೋಷ ಇರಬೇಕು. ನಾನು ಸರಿಯಾಗಿಯೇ ಹೇಳ್ತಾ ಇದ್ದೇನೆ" ಅಂದಳು.

ಸ್ವಲ್ಪ ಇರಿ...

ಒಂದು ಕೇಳುತ್ತೇನೆ. ಇದಕ್ಕಾದರೂ ಉತ್ತರ ಕೊಡಿ. ಪಕ್ಕದಲ್ಲೇ ಕೂತಿದ್ದೆ, ಆದರೆ ನಾನು ಕೇಳಿಸಿಕೊಳ್ಳಲಿಲ್ಲ. ಆಕೆ ಹೇಳುವಾಗ ಮುಂದಿನ ಪದ ನೋಡಿಕೊಳ್ಳುತ್ತಿದ್ದೆ. ನೀವು ಕತ್ತರಿಸುವ ಮುಂಚೆ ಕಿವಿಗೆ ಹಾಕಿಕೊಂಡು ಕೇಳುತ್ತಿದ್ದಿರಿ, ವಾರ ವಾರ. ಸರಿಯಾಗಿ ಹೇಳುತ್ತಿದ್ದಳೇ? ಆ ಕೊನೆಕೊನೆಗೆ?

...

ಅಳಬೇಡಿ. ಅಳಬೇಡಿ ತಮ್ಮಾ. ಗೊತ್ತಾಯಿತು. ನೀವು ಬಾಯಿ ಬಿಡುವುದೇ ಬೇಡ.

ಹಾಗಾದರೆ ಈ ಲೋಕದಲ್ಲಿ ಆಕೆ ಸರಿಯಾಗಿ ಹೇಳಿದ್ದನ್ನು ಕೇಳಿದವರು ಇಬ್ಬರೇ. ಒಬ್ಬಳು ಬಟ್ಟೆ ಹೊಲಿಯುವವಳು, ಒಬ್ಬರು ನೀವು. ನಾನಲ್ಲ.

ಹೊರಡುತ್ತೇನೆ. ಕೈ ಹಿಡಿಯಬೇಡಿ, ಇಳಿಯುವುದು ಸುಲಭ.

ಒಂದು ಕೆಲಸ ಮಾಡಿ. ಆ ಜನ ಇವತ್ತಿಗೂ ಬರೆಯುತ್ತಾರೆ, ಅಮ್ಮ ಎಲ್ಲಿ ಹೋದರು ಅಂತ. ಊರಿಗೆ ಹೋಗಿದ್ದಾರೆ ಅಂತ ಬರೆದೆ, ಮೈ ಹುಷಾರಿಲ್ಲ ಅಂತ ಬರೆದೆ. ಇನ್ನು ಮೇಲೆ ನೀವು ಬರೆಯಿರಿ. ನಾನು ಕೂತರೆ ಇನ್ನೊಂದು ಪತ್ರ ಹುಟ್ಟಿಸಿಬಿಡುತ್ತೇನೆ. ಆ ನರ್ಸಮ್ಮನಿಗೆ ಹೇಳಿ, ಲಾರಿಯವನಿಗೆ ಹೇಳಿ, ನಿಮ್ಮ ಮನೆಯವರಿಗೂ ಹೇಳಿ. ಕೇಳಿದವರು ಇನ್ನೊಬ್ಬರಿಗೆ ಹೇಳಲಿ. ಎರಡನೇ ಕ್ಲಾಸಿನವಳು, ಎಂಬತ್ತೆಂಟು ವಾರ, ಒಂದು ವಾರವೂ ತಪ್ಪದೆ ಕೂತಳು, ಕೊನೆಗೆ ಸರಿಯಾಗಿ ಹೇಳಿದಳು ಅಂತ.

ಆಕೆಯ ಮೇಲಿನ ಗೌರವಕ್ಕೆ, ಮೇಷ್ಟ್ರು ಪಾಪ ಮುದುಕ ಅಂತ, ನೀವು ನನ್ನ ಭಾಗವನ್ನು ಬಿಟ್ಟು ಹೇಳುತ್ತೀರಿ. ನಿಮ್ಮ ಗುಣ ನನಗೆ ಗೊತ್ತು. ಹಾಗೆ ಮಾತ್ರ ಮಾಡಬೇಡಿ. ಈ ಒಂದನ್ನಾದರೂ ಕತ್ತರಿಸದೆ ಹೇಳಿ.