ಮೇಲ್ ನಿಂತ ದಿನ ಕಾಂಚನ ಮನಿಗೆ ಹೋಗಲಿಲ್ಲ

ಇಂದಿನ ಈ ಬೀಳ್ಕೊಡುಗೆ ಸಮಾರಂಭದ ಅಧ್ಯಕ್ಷತೆ ವಹಿಸಿರುವ ಮಾನ್ಯ ಧೋಂಡಪ್ಪನವರೇ, ಅತಿಥಿಗಳಾಗಿ ಆಗಮಿಸಿರುವ ಸಾಂಗ್ಲಿಯ ಅರಿಷಿಣ ವ್ಯಾಪಾರಿ ಗುರುಸಿದ್ಧಪ್ಪ ಸಾವ್ಕಾರರೇ, ಅವರ ಧರ್ಮಪತ್ನಿ ಗುರುಶಾಂತವ್ವನವರೇ, ನಮ್ಮ ಕುರಿ ಸಾಕಣೆದಾರರ ಸಂಘದ ಸರ್ವ ಸದಸ್ಯರೇ, ಸುತ್ತಲಿನ ಹಳ್ಳಿಗಳಿಂದ ಬಸ್ಸು ಹಿಡಿದು ಮಿರಜಿಗೆ ಬಂದಿರುವ ಅಕ್ಕತಂಗಿಯರೇ ಮತ್ತು ಸಭಿಕರೇ,

ಇಷ್ಟು ನಮ್ಮ ಕಾರಕೂನ ಸಂಜು ಬರಕೊಟ್ಟಿದ್ದು. ಇದರ ಮುಂದ ಇನ್ನೂ ಎರಡು ಹಾಳಿ ಅದಾವ. ಚಲೋ ಬರದಾನ. ಆದ್ರ ಅದರಾಗ "ಕರ್ತವ್ಯನಿಷ್ಠೆಯ ಪ್ರತೀಕ" ಅಂತ ಒಂದು ಮಾತು ಐತಿ, ಅಲ್ಲಿಗೆ ಬಂದ್ರ ನನ್ನ ನಾಲಿಗಿ ತೊಡಕತೈತಿ. ಅದಕ್ಕ ಇನ್ನ ಮ್ಯಾಲೆ ನಾನು ನಮ್ಮೂರು ಆರಗದ ಮಾತಿನಾಗ ಹೇಳ್ತೀನಿ. ಮರಾಠಿ ಮಂದಿ ಬೇಜಾರ ಮಾಡ್ಕೋಬ್ಯಾಡ್ರಿ. ನನ್ನ ಮಾತಿನಾಗ ಅರ್ಧಾ ಶಬ್ದ ನಿಮ್ಮವ ಇರ್ತಾವ.

ಇವತ್ತು ನಾವು ಬೀಳ್ಕೊಡೂ ಕಾಂಚನ, ಈ ಗುರುಸಿದ್ಧಪ್ಪ ಸಾವ್ಕಾರ್ರ ಮಗಳು, ನಮ್ಮ ಸಂಘಕ್ಕ ಬಂದ ದಿನ ನನ್ನ ಮುಂದ ನಿಂತು ಮರಾಠಿಯಾಗ ಮಾತಾಡಿದಳು. ನಾನು ಸಂಘದ ಅಧ್ಯಕ್ಷಿ, ಗತ್ತಿಲೆ ಕನ್ನಡದಾಗ ಕೇಳಿದೆ, "ಯಾಕವಾ, ಸಾವ್ಕಾರ್ರ ಮನ್ಯಾಗ ಕನ್ನಡ ಇಲ್ಲೇನು?" ಆಕಿ ನಕ್ಕು, "ತಿಳಿತೈತಿ ಮಾವಶಿ, ಮಾತಾಡಾಕ ಅಷ್ಟ ಜಮಂಗಿಲ್ಲ" ಅಂದಳು. ಮಾವಶಿ, ಅಂದ್ರ ಅವ್ವನ ತಂಗಿ, ಅಂದಳು ನೋಡ್ರಿ, ಮೊದಲನೇ ದಿನಾನ. ನನಗ ಮೂರೂ ಗಂಡುಮಕ್ಕಳು. ಇರಲಿ, ಆ ಮಾತು ಯಾಕ ಬಂತೋ.

ನಮ್ಮ ಆಫೀಸಿನ ಮೂಲ್ಯಾಗ ಒಂದು ಕರೀ ಪೆಟಗಿ ಐತಿ. ಸರ್ವರ್ ಅಂತಾರ. ಸಂಘದ ಮೇಲ್ ಎಲ್ಲಾ ಅದರಾಗ ಬರ್ತಾವ, ಅದರಿಂದಾನ ಹೋಗ್ತಾವ. ಉಳಿದ ಕಂಪ್ಯೂಟರಿನ್ಯಾಗ ಯಾರು ಇಂಟರ್ನೆಟ್ ನೋಡಬೇಕಂದ್ರೂ ಅದನ್ನ ದಾಟೇ ಹೋಗಬೇಕು, ಆ ಕೆಲಸಕ್ಕ ಪ್ರಾಕ್ಸಿ ಅಂತಾರ. ಎರಡೂ ಕೆಲಸ ಒಂದ ಪೆಟಗಿಗೆ ಯಾಕ ಹಚ್ಚೀರಿ ಅಂತ ಕೇಳಬ್ಯಾಡ್ರಿ. ಎರಡನೇದು ತರೂಣು ಅಂತ ಕಾಂಚನ ಸಭಾದಾಗ ಕೇಳಿದ್ದಳು. ಬ್ಯಾಡ ಅಂದವರು ಇವತ್ತು ಮುಂದಿನ ಸಾಲಿನಾಗ ಕುಂತಾರ, ನಾ ಹೆಸರು ಹೇಳಂಗಿಲ್ಲ.

ಆ ಪೆಟಗಿ ನಡಸಾಕ ಬಂದ ಹುಡುಗಿಗೆ ನಾನು ಹೇಳಿದ್ದು ಒಂದ ಮಾತು. ನಮಗ ಬರದವರು ಯಾರೂ ಉತ್ತರ ಇಲ್ದ ಉಳಿಬಾರದು. ಯಾಕ ಹಂಗಂದೆ?

ನಾವು ಹಿಂಡು ಹೊಡಕೊಂಡು ಹೊಲದಿಂದ ಹೊಲಕ್ಕ ತಿರುಗೂ ಕಾಲದಾಗ ಒಮ್ಮೆ ಕುರಿಗೆ ಜ್ವರ ಬಂತು. ಬಾಯಾಗ ಹುಣ್ಣು, ಮೂಗಿನಾಗ ನೀರು. ನಮ್ಮನಿಯವರು ಹತ್ತಿರದ ಪ್ಯಾಟಿಗೆ ಹೋಗಿ, ಅರ್ಜಿ ಬರಸಿ, ಒಂದು ಆಫೀಸಿನಾಗ ಕೊಟ್ಟು ಕಟ್ಟಿ ಮ್ಯಾಲೆ ಕುಂತ್ರು. ಬರ್ತೀವಿ ಅಂತ ಯಾರೂ ಅನ್ನಲಿಲ್ಲ. ಬರಂಗಿಲ್ಲ ಅಂತಾನೂ ಅನ್ನಲಿಲ್ಲ. ಬರಂಗಿಲ್ಲ ಅಂದಿದ್ರ ಅವರು ಬ್ಯಾರೆ ಊರಿಗರ ಹೋಗ್ತಿದ್ರು. ಸಂಜಿತನ ಕುಂತು ಎದ್ದು ಬಂದ್ರು. ಹಿಂಡು ಉಳೀಲಿಲ್ಲ. ಅವತ್ತಿನಿಂದ ನಮ್ಮನಿಯವರು ಆಫೀಸು ಅನ್ನೂ ಜಾಗಾದಾಗ ಕುಂತಿಲ್ಲ. ಈಗೂ ನೋಡ್ರಿ, ಅಲ್ಲಿ ಬಾಗಲದ ಹತ್ರ ನಿಂತಾರ. ಮುಂದ ಕುರ್ಚಿ ಖಾಲಿ ಅದಾವ. ಬರಂಗಿಲ್ಲ ಅವರು. ಬಿಡ್ರಿ.

ಕಾಂಚನಗ ಈ ಕಥಿ ಹೇಳಿದ್ದೆ. ಆಕಿ ಏನ ಮಾಡಿದಳಂದ್ರ, ಯಾರ ಮೇಲ್ ಬಂದ್ರೂ ಪೆಟಗಿ ತಾನ ಕೂಡಲೇ "ನಿಮ್ಮ ಪತ್ರ ಮುಟ್ಟೇತಿ, ನೋಡಿ ತಿಳಿಸ್ತೀವಿ" ಅಂತ ಉತ್ತರ ಕಳಸೂ ಹಂಗ ಮಾಡಿದಳು. ಕನ್ನಡದಾಗ ಒಂದ ಸಾಲು, ಮರಾಠಿಯಾಗ ಒಂದ ಸಾಲು. ನಾನು ನಮ್ಮ ಮನ್ಯಾಗಿನ ಫೋನಿನಿಂದ ಬರದು ಬರದು ಆ ಉತ್ತರ ಓದಿ ಖುಷಿ ಪಟ್ಟೇನಿ.

ಈಗ ಆ ದಿನದ ಮಾತಿಗೆ ಬರ್ತೀನಿ. ಅವತ್ತು ಕಾಂಚನ ಚಂದನ್ನ ಹಸರು ಸೀರಿ ಉಟ್ಟು ಬಂದಿದ್ದಳು. ಮಧ್ಯಾಹ್ನ ಆಕೀನ ನೋಡಾಕ ಇಚಲಕರಂಜಿಯಿಂದ ಬೀಗರು ಬರೂವರಿದ್ರು. ಅರ್ಧಾ ದಿನ ಸೂಟಿ ಕೇಳಿದ್ದಳು, ಕೊಟ್ಟಿದ್ದೆ.

ಮುಂಜಾನೆ ಬಾಗಲಾ ತೆಗೆಯೂದರಾಗ ನಮ್ಮ ಸಂಘದ ಲಗಮಣ್ಣ ಬಂದು ನಿಂತಿದ್ದ. ಅವನ ಹಿಂಡು ಕಸಬೆ ಡಿಗ್ರಜದ ಕಡೆ ತಂಗಿತ್ತು. ಕುರಿಗೆ ಜ್ವರ, ಬಾಯಾಗ ಹುಣ್ಣು. ಕೂಡಲೇ ದನದ ಡಾಕ್ಟರಿಗೆ ಹೇಳಿ ಹಿಂಡಿನ ಕಡೆ ಕಳಿಸಿದೆ. ಡಾಕ್ಟರು ನೋಡಿ, "ಸುತ್ತಲಿನ ಹಿಂಡಿಗೆ ತಡಾ ಮಾಡದ ಲಸಿಕಿ ಹಾಕಬೇಕು" ಅಂದ್ರು. ಪುಣೆಯ ಲಸಿಕಿ ಆಫೀಸಿಗೆ ಫೋನ್ ಹಚ್ಚಿದ್ವಿ. ಅಲ್ಲಿನ ಮೇಡಂ ಒಳ್ಳೆಯವರು. "ಲಸಿಕಿ ಐತಿ, ಗಾಡಿ ನಾಳೆ ನಸಿಕಿನ್ಯಾಗ ನಿಮ್ಮ ಕಡೆ ಬರತೈತಿ. ನಿಮಗ ಒಂದು ಫಾರ್ಮ್ ಮೇಲ್ ಮಾಡೀನಿ, ಸಂಘದ ವಿಳಾಸದಿಂದಾನ ತುಂಬಿ ಕಳಸ್ರಿ, ಆಫೀಸು ಮುಚ್ಚೂದರೊಳಗ ಬರಲಿ. ಬ್ಯಾರೆ ವಿಳಾಸದ್ದು ನಮಗ ನಡಿಯಂಗಿಲ್ಲ" ಅಂದ್ರು.

ನೋಡಿದ್ರ ಮೇಲ್ ಇಲ್ಲ. ಇಂಟರ್ನೆಟ್ಟೂ ಇಲ್ಲ.

ಸಂಜು ಅಂದ, "ಲೈನ್ ಹೋಗಿರಬೇಕು." ಕಾಂಚನ ಒಂದು ಕಂಪ್ಯೂಟರಿನ ತಂತಿ ಪೆಟಗಿಯಿಂದ ತಗದು ಸೀದಾ ಲೈನಿಗೆ ಹಚ್ಚಿದಳು. ಇಂಟರ್ನೆಟ್ ಬಂತು. "ಲೈನ್ ಆರಾಮ ಐತಿ, ಪೆಟಗೀಗೇ ಏನೋ ಆಗೇತಿ" ಅಂದಳು. ಬಂದ್ ಮಾಡಿ ಚಾಲೂ ಮಾಡಿದಳು. ತುಸು ಹೊತ್ತು ನಡೀತು, ಮತ್ತ ನಿಂತಿತು. ಒಳಗ ನೋಡಿದಳು. ಜಾಗಾ ಇಲ್ಲ, ತುಂಬಿ ಹೋಗೇತಿ. ಎಲ್ಲಾರೂ ನೋಡಿದ ಪುಟಾ ಪ್ರಾಕ್ಸಿ ಕೂಡಿಡತೈತಂತ, ಅದನ್ನೆಲ್ಲಾ ಖಾಲಿ ಮಾಡಿದಳು. ಜಾಗಾ ಆತು. ನಾವು ಚಹಾಕ್ಕ ಹೇಳಿದ್ವಿ. ಚಹಾ ಬರೂದರಾಗ ಮತ್ತ ತುಂಬಿತು.

"ಮಾವಶಿ, ಇದು ಹಳೇ ಕಸಾ ಅಲ್ಲ. ಈಗ ಈ ಹೊತ್ತಿನ್ಯಾಗ ಏನೋ ಬಂದು ತುಂಬಾಕತ್ತೇತಿ" ಅಂದಳು ಕಾಂಚನ. ಸೀರಿ ಸೆರಗು ಸೊಂಟಕ್ಕ ಸಿಗಿಸಿಕೊಂಡಳು. ಆಕಿ ಫೋನು ಮೇಜಿನ ಮ್ಯಾಲೆ ಬಡಕೋತಿತ್ತು. ಒಮ್ಮೆ ನೋಡಿದಳು, ಬೋರಲ ಹಾಕಿದಳು.

ಹಿಂಗ ಇದ್ದಾಗ ಗುರುಸಿದ್ಧಪ್ಪ ಸಾವ್ಕಾರ್ರು ಬಂದ್ರು. ಸಾವ್ಕಾರ್ರ, ನೀವು ಅವತ್ತು ಬಂದ ರೀತಿ ನಾನು ಹೇಳಲೇನು? ನಗಾಕತ್ತೀರಿ, ಹೇಳ್ತೀನಿ. ಚಪ್ಪಲಿ ಸುದ್ದಾ ಬಿಡದ ಒಳಗ ಬಂದ್ರಿ.

"ಮಂದಿ ಬಂದು ಕುಂತಾರ ಮನ್ಯಾಗ. ಫೋನರ ಎತ್ತಬೇಕೋ ಬ್ಯಾಡೋ?"

ಕಾಂಚನ ತಿರುಗಿ ನೋಡಲಿಲ್ಲ. "ಅಪ್ಪಾ, ಇದು ಆಗೂತನಕ ಬರಾಕ ಆಗಂಗಿಲ್ಲರಿ. ಕುಂದ್ರಿ" ಅಂದಳು.

"ತುಳಸವ್ವಾರ, ನೀವರ ಹೇಳ್ರಿ ಆಕಿಗೆ" ಅಂದ್ರು ನನಗ. ಹೇಳಬೇಕಾಗಿತ್ತು ನಾನು. ಹೆಣ್ಣುಮಗಳ ಬಾಳೇದ ಮಾತು, ಸಂಘದ ಪೆಟಗಿ ದೊಡ್ಡದೇನು? ಬಾಯಿ ತಗದೆ. ಎದುರಿಗೆ ಲಗಮಣ್ಣ ಟಾವೆಲ್ ಮುದ್ದಿ ಮಾಡಿ ಹಿಡಕೊಂಡು ನೆಲದ ಮ್ಯಾಲೆ ಕುಂತಿದ್ದ, ಎಷ್ಟು ಹೇಳಿದ್ರೂ ಕುರ್ಚಿ ಒಲ್ಲೆ ಅಂದಿದ್ದ. ಸಾವ್ಕಾರ್ರಿಗೆ ಒಂದು ಕುರ್ಚಿ ಸರಿಸಿ ಕೊಟ್ಟೆ, ಅಷ್ಟ.

ಅಷ್ಟರಾಗ ಕಾಂಚನಗ ಸಿಕ್ಕಿತು. ಸೋಲಾಪುರದಾಗ ಕುರಿ ಕಿವಿಗೆ ಹಾಕೂ ಬಿಲ್ಲೆ ಮಾಡೂವರು ಒಬ್ಬರದಾರ. ಅವತ್ತು ಅವರಿಗೆ ಸೂಟಿ. ಅವರ ಯಂತ್ರಕ್ಕೂ ತಾನ ಉತ್ತರ ಕೊಡೂ ರೂಢಿ. ನಮ್ಮಿಂದ ಮುಂಜಾನೆ ಏನೋ ಒಂದು ಮೇಲ್ ಹೋಗೇತಿ. ಅದು "ಇವತ್ತು ನಮಗ ಸೂಟಿ" ಅಂದೇತಿ. ನಮ್ಮ ಪೆಟಗಿ "ನಿಮ್ಮ ಪತ್ರ ಮುಟ್ಟೇತಿ" ಅಂದೇತಿ. ಅದು ಮತ್ತ "ಇವತ್ತು ನಮಗ ಸೂಟಿ." ಇದು ಮತ್ತ "ನಿಮ್ಮ ಪತ್ರ ಮುಟ್ಟೇತಿ." ಅವೆಲ್ಲಾ ಮುಂಜಾನಿಯಿಂದ ಒಂದರ ಮ್ಯಾಲೊಂದು ಬಿದ್ದು ಜಾಗಾ ತುಂಬಿ, ಬ್ಯಾರೆ ಯಾರ ಮೇಲಿಗೂ ದಾರಿ ಇಲ್ದಂಗ ಆಗಿತ್ತು.

"ಏನಾಗೇತಿ?" ಅಂತ ಸಾವ್ಕಾರ್ರು ಕೇಳಿದ್ರು. ಕಾಂಚನ ಅಪ್ಪಗ ಎಲ್ಲಾ ಬಿಡಿಸಿ ಹೇಳಿದಳು. ಕೇಳಿ ಅವರು ಬಂದ ಸಿಟ್ಟು ಮರತು ಅಂದ್ರು, "ಅಂದ್ರ ಬೀಗರು ಬೀಗರು ಬಾಗಲದಾಗ ನಿಂತಂಗ ಆತಲ್ಲ. ನೀವು ಮೊದಲ ಹೋಗ್ರಿ, ನೀವು ಮೊದಲ ಹೋಗ್ರಿ ಅಂತ." ಲಗಮಣ್ಣ ಸುದ್ದಾ ನಕ್ಕ.

ಕಾಂಚನ ನಗಲಿಲ್ಲ. "ತಪ್ಪು ನಂದ ಐತಿ. ಯಂತ್ರ ಕೊಟ್ಟ ಉತ್ತರಕ್ಕ ತಿರುಗಿ ಉತ್ತರ ಕೊಡಬ್ಯಾಡ ಅಂತ ಪೆಟಗಿಗೆ ಹೇಳಬೇಕಾಗಿತ್ತು, ಹೇಳಿಲ್ಲ" ಅಂದಳು. ಎಲ್ಲಾರ ಮುಂದ ಅಂದಳು.

"ಉತ್ತರ ಕೊಡು ಅಂದಾಕಿ ನಾನ ಅಲ್ಲೇನವಾ" ಅಂದೆ ನಾನು.

"ಕೊಡಬೇಕು ಅಂದದ್ದು ಬರೋಬ್ಬರಿ ಐತಿ ಮಾವಶಿ. ನಾ ಕೊಡಿಸಿದ ರೀತಿ ತಪ್ಪು."

ಮೊದಲ ಆ ತಾನ ಕೊಡೂ ಉತ್ತರ ನಿಲ್ಲಿಸಿದಳು. ಇನ್ನ ಆ ರಾಶಿ ತೆಗೀಬೇಕು. ಹೊತ್ತು ಇಳೀತಿತ್ತು. ಸಂಜು ಅಂದ, "ಎಲ್ಲಾ ಒಮ್ಮೆಲೆ ಅಳಸಿ ಬಿಡು ಕಾಂಚನ, ಪುಣೆದವರಿಗೆ ಮತ್ತೊಮ್ಮೆ ಕಳಸ್ರಿ ಅನ್ನೂಣು."

"ಆ ರಾಶ್ಯಾಗ ಯಾವನೋ ಒಬ್ಬ ಕುರುಬ ಬರದಿದ್ದೂ ಇರತೈತಿ ಸಂಜು. ಓದದ ಹೆಂಗ ಅಳಸೂದು?" ಅಂದಳು.

ಅವತ್ತಿಗೆ ಆಕಿ ಮೂವತ್ತೂ ತುಂಬದ ಹುಡುಗಿ. ನಾನು ಗೋಡಿ ಕಡೆ ಮುಖಾ ಮಾಡಿದೆ. ಸಾವ್ಕಾರ್ರು ಎದ್ದು ಪಡಸಾಲಿಗೆ ಹೋದ್ರು. ಮನಿಗೆ ಫೋನ್ ಹಚ್ಚಿ, ಬೀಗರ ಕಡೆ ಕೊಡಿಸಿಕೊಂಡು ಮಾತಾಡಿದ್ರು. ನಾನು ಕದ್ದು ಕೇಳಲಿಲ್ಲ, ಅವರ ಧ್ವನಿ ದೊಡ್ಡದು.

"ನನ್ನ ಮಗಳಿಗೆ ಇವತ್ತು ಬರಾಕ ಆಗಂಗಿಲ್ಲರಿ. ಕೆಲಸದಾಗ ಅದಾಳ." ಆ ಕಡೆಯವರು ಏನೋ ಕೇಳಿರಬೇಕು. "ಇಲ್ರಿ, ಆರಾಮ ಅದಾಳ. ಜ್ವರಾ ಗಿರಾ ಏನಿಲ್ಲ. ಕೆಲಸದಾಗ ಅದಾಳ." ಮತ್ತ ಏನೋ ಕೇಳಿದ್ರು. ಇವರು ಮೂರನೇ ಸಲಾನೂ ಅದನ್ನ ಅಂದ್ರು.

ಒಳಗ ಬಂದು ಕುಂತ್ರು. ಅದಾದ ಮ್ಯಾಲೆ ಒಮ್ಮೇನೂ ಗಡಿಯಾರ ನೋಡಲಿಲ್ಲ. ಮಗಳ ಕೈಯನ್ನ ನೋಡ್ಕೋತ ಕುಂತಿದ್ರು. ಇಷ್ಟು ವರ್ಷದಾಗ ಆಕಿ ಏನು ಕೆಲಸಾ ಮಾಡ್ತಾಳಂತ ಅವರು ನೋಡೇ ಇರಲಿಲ್ಲ.

ಕಾಂಚನ ಆ ಸೋಲಾಪುರದ ವಿಳಾಸದವು ಅಷ್ಟನ್ನ ಬ್ಯಾರೆ ಮಾಡಿ ತಗದಳು. ತಳದಾಗ ಪುಣೆಯ ಮೇಲ್ ಇತ್ತು. ಅದರ ಸಂಗಾಟ ಸಾಂಗ್ಲಿವಾಡಿಯಿಂದ ಒಬ್ಬಾಕಿ ಬರದಿದ್ದಳು, ತನ್ನ ಕುರಿಗೂ ಜ್ವರ ಅಂತ. ಅಳಸಿದ್ರ ಆಕಿ ಸುದ್ದಿ ನಮಗ ಗೊತ್ತೇ ಆಗ್ತಿದ್ದಿಲ್ಲ. ಆ ಹಿಂಡನ್ನೂ ಕೂಡಿಸಿ ತುಂಬಿ ಕಳಿಸಿದ್ವಿ. ಪುಣೆಯ ಮೇಡಂ ಫೋನ್ ಮಾಡಿ "ಮಿಳಾಲಂ" ಅಂದ್ರು. ಮುಟ್ಟಿತು ಅಂತ. ಇನ್ನೂ ಹೊರಗ ಬಿಸಲಿತ್ತು.

ಮರುದಿನ ಗಾಡಿ ಬಂತು. ಲಗಮಣ್ಣನ ಕುರಿ ಕೆಲವು ಹೋದವು, ಅದನ್ನ ನಾನು ಮುಚ್ಚಿ ಹೇಳಂಗಿಲ್ಲ. ಸುತ್ತಲಿನ ಹಿಂಡು ಉಳದವು. ಸಾಂಗ್ಲಿವಾಡಿಯಾಕಿ ಇವತ್ತು ಈ ಸಭಾಕ್ಕ ಬಂದಾಳ.

ಇಚಲಕರಂಜಿಯವರು ತಿರುಗಿ ಬರಲಿಲ್ಲ. ಅವರ ಹುಡುಗಗ ಬ್ಯಾರೆ ಕಡೆ ಕೂಡಿ ಬಂತಂತ, ಸುಖವಾಗಿರಲಿ. ಗುರುಶಾಂತವ್ವಾರಿಗೆ ಮಾತ್ರ ಬ್ಯಾಸರಾಗಿತ್ತು. ನಾನು ಸಾಂಗ್ಲಿಗೆ ಹೋಗಿ ಅವರ ಮುಂದ ಕುಂತೆ. ಚಹಾ ಕೊಟ್ರು, ಬೈದ್ರು. ತಾಯಿ ಬೈಬೇಕು, ಬೈಸಿಕೊಂಡು ಬಂದೆ. ಆಮ್ಯಾಲೆ ನಾವಿಬ್ಬರೂ ಗೆಳತ್ಯಾರು ಆದ್ವಿ.

ಈಗ ಕಾಂಚನ ಸಾಂಗ್ಲಿಯಾಗ ತನ್ನದ ಒಂದು ಆಫೀಸು ತಗೀತಾಳ. ನಮ್ಮಂಥ ಸಣ್ಣ ಸಣ್ಣ ಆಫೀಸಿನ ಪೆಟಗಿ ನೋಡಿಕೊಳ್ಳೂ ಕೆಲಸ. ಸಾವ್ಕಾರ್ರು ಅರಿಷಿಣದ ಗೋದಾಮಿನ ಮುಂದಿನ ಖೋಲಿ ಖಾಲಿ ಮಾಡಿ, ಧೂಳಾ ಕಂಪ್ಯೂಟರಿಗೆ ಆಗಂಗಿಲ್ಲಂತ ತಾವ ನಿಂತು ಗೋಡಿ ಬಳಿಸ್ಯಾರ. ಆಕಿ ರಾಜೀನಾಮೆ ಮಳಿಗಾಲಕ್ಕ ಮೊದಲ ಕೊಟ್ಟಾಳ. ನಾನು ನೋಡೂಣು, ನೋಡೂಣು ಅಂತ ದೀಪಾವಳಿ ದಾಟಿಸಿದೆ. ಸಂಜು ಪೂರಾ ಕಲೀಲಿ ಅಂತ ಎಲ್ಲಾರಿಗೂ ಹೇಳಿದೆ. ಸಂಜು ಯಾವಾಗೋ ಕಲಿತಾನ.

ಕಾಂಚನ, ನಿನಗ ಎಲ್ಲಾರ ಮುಂದ ಒಂದು ಮಾತು ಹೇಳ್ತೀನಿ. ಪೆಟಗಿ ಕೆಟ್ರ ಫೋನ್ ಮಾಡ್ರಿ ಮಾವಶಿ, ಅಂದೀದಿ. ಮಾಡ್ತೀನಿ. ಪೆಟಗಿ ಚಲೋ ನಡದಿದ್ರೂ ಮಾಡ್ತೀನಿ. ನೀನು ಯಾವ ಆಫೀಸಿನ ಮೇಜಿನ ಕೆಳಗ ಕುಂತಿದ್ರೂ ಆಗ ಎತ್ತು. ಅಥವಾ ಆಮ್ಯಾಲೆ ಮಾಡ್ತೀನಿ ಅಂತ ಅಂದು ಇಡು, ನನಗ ಅಷ್ಟ ಸಾಕು.

ನನ್ನ ಮಾತು ಉದ್ದ ಆತು. ಕೇಳಿದಿರಿ, ನಡುವ ಎದ್ದು ಹೋಗಲಿಲ್ಲ, ಅದಕ್ಕ ನಿಮಗೆಲ್ಲಾ ಧನ್ಯವಾದ. ಮಗಳನ್ನ ಇಷ್ಟು ದಿನ ನಮಗ ಕೊಟ್ಟಿದ್ದಕ್ಕ ಸಾವ್ಕಾರ್ರಿಗೆ, ಗುರುಶಾಂತವ್ವಾರಿಗೆ ಕೈ ಮುಗೀತೀನಿ. ಎಲ್ಲಾರೂ ಊಟಾ ಮಾಡೇ ಹೋಗಬೇಕ್ರಿ. ನಮಸ್ಕಾರ.