ಕ್ಲೆಮೆಂಟ್ ಮಿಜ್ಲಿಯ ಬಲಗೈಗೆ ಆದ ಗಾಯದ ಬಗ್ಗೆ ಹೆಂಡತಿಯ ಹೇಳಿಕೆ

ಹೆಸರು ಹೆಸ್ಟರ್ ಮಿಜ್ಲಿ, ಗಂಡನ ಹೆಸರು ಕ್ಲೆಮೆಂಟ್ ಮಿಜ್ಲಿ, ವಯಸ್ಸು 31 ವರ್ಷ, ಉದ್ಯೋಗ ಉಣ್ಣೆ ಗಿರಣಿಯಲ್ಲಿ ನೇಯ್ಗೆ, ವಾಸ ಗಾಸ್ ಲೇನ್, ಹ್ಯಾಲಿಫ್ಯಾಕ್ಸ್, ಯಾರ್ಕ್‌ಶೈರ್. ಈ ದಿನ ಬೆಳಿಗ್ಗೆ 8 ಗಂಟೆಗೆ ನಾನಾಗಿಯೇ ಠಾಣೆಗೆ ಬಂದು ಸಾರ್ಜೆಂಟ್ ಓಲ್ಡ್‌ರಾಯ್ಡ್ ಅವರ ಮುಂದೆ ಬರೆಸುವುದೇನೆಂದರೆ:

ನನ್ನ ಗಂಡ ಅದೇ ಗಿರಣಿಯಲ್ಲಿ ನೂಲಿಗೆ ಬಣ್ಣ ಹಾಕುವ ಕೆಲಸದಲ್ಲಿದ್ದರು. 1915ರಲ್ಲಿ ಸೈನ್ಯ ಸೇರಿದರು. ಕಳೆದ ಸೆಪ್ಟೆಂಬರಿನಲ್ಲಿ ಫ್ರಾನ್ಸಿನಲ್ಲಿ ಶೆಲ್ ಬಿದ್ದು ಕಂದಕ ಕುಸಿಯಿತು. ಸತ್ತ ಇಬ್ಬರ ಜೊತೆ ಅವರು ಇಡೀ ರಾತ್ರಿ ಮಣ್ಣಿನಡಿ ಇದ್ದರು. ಹೊರಗೆ ತೆಗೆದಾಗ ಮೈಮೇಲೆ ಗಾಯವಿರಲಿಲ್ಲ. ಮಾತು ಇರಲಿಲ್ಲ.

ಅವರನ್ನು ಇಂಗ್ಲೆಂಡಿನ ಒಂದು ಸೈನಿಕ ಆಸ್ಪತ್ರೆಗೆ ತಂದರು. ಅಲ್ಲಿಯ ಡಾಕ್ಟರು ಕೋಣೆಯ ಬಾಗಿಲು ಹಾಕಿಸಿ, ಗಂಟಲಿಗೆ ವಿದ್ಯುತ್ ಕೊಟ್ಟು, ಮಾತಾಡುವವರೆಗೆ ಹೊರಗೆ ಬಿಡುವುದಿಲ್ಲ ಎಂದರಂತೆ. ಸಂಜೆ ಹೊತ್ತಿಗೆ ಮಾತು ಬಂತು. ನಾನು ನೋಡಲು ಹೋದಾಗ, ಕೈ ಇನ್ನೂ ನಡುಗುತ್ತಿದೆ ಎಂದು ಡಾಕ್ಟರಿಗೆ ಹೇಳಿದೆ. ಅವರು, “ಮಾತು ಬಂತಲ್ಲಮ್ಮಾ, ಇನ್ನೇನು ಬೇಕು? ಮಿಕ್ಕಿದ್ದೆಲ್ಲ ಸೋಮಾರಿತನ” ಎಂದರು. ಸೈನ್ಯದ ವೈದ್ಯರ ಮಂಡಳಿ ನನ್ನ ಗಂಡನನ್ನು ಯುದ್ಧಕ್ಕೆ ಯೋಗ್ಯರೆಂದು ಬರೆದು ಒಂದು ವಾರದ ರಜೆ ಕೊಟ್ಟಿತು. ಈ ದಿನದ ರೈಲಿಗೆ ಅವರು ಸೈನ್ಯಕ್ಕೆ ಹಿಂದಿರುಗಬೇಕಿತ್ತು.

ಮನೆಗೆ ಬಂದ ಮೇಲೆ ಅವರು ಅಡುಗೆಮನೆಯ ಮೇಜಿನ ಕೆಳಗೆ ಮಲಗುತ್ತಿದ್ದರು. ನಾನೂ ಪಕ್ಕದಲ್ಲಿ ನೆಲದ ಮೇಲೆ ಮಲಗುತ್ತಿದ್ದೆ. ದಿನವೂ ಹಾಸಿಗೆ ಒದ್ದೆಯಾಗುತ್ತಿತ್ತು.

ನಿನ್ನೆ ಸೋಮವಾರ ಬೆಳಿಗ್ಗೆ ಸುಮಾರು 7 ಗಂಟೆಗೆ ಹಿತ್ತಿಲಿನಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದೆ. ಪಕ್ಕದ ಮನೆಯ ಶ್ರೀಮತಿ ಟಾರ್ಡಾಫ್ ಗೋಡೆಯ ಮೇಲಿಂದ, “ಏನೇ ಹೆಸ್ಟರ್, ದಿನಾ ಹಾಸಿಗೆ ಬಟ್ಟೆ ಒಗೀತಿದೀಯ, ಮನೇಲಿ ಕೂಸು ಹುಟ್ಟಿದ್ಯಾ?” ಎಂದು ಕೇಳಿದರು. ಅವರ ಇಬ್ಬರು ಗಂಡುಮಕ್ಕಳು ಈಗಲೂ ಫ್ರಾನ್ಸಿನಲ್ಲಿದ್ದಾರೆ. ಕೂಸಿನ ಮಾತು ನನ್ನ ಗಂಡನಿಗೆ ಕೇಳಿಸಿತು. ಅವರು ಹೊರಗೆ ಬಂದು, “ಒದ್ದೆ ಮಾಡಿದ್ದು ನಾನು, ಹಿಂಡೋದೂ ನಾನೇ” ಎಂದು ಬಟ್ಟೆ ಹಿಂಡುವ ಯಂತ್ರದ ಪಕ್ಕ ನಿಂತರು. ಅವರು ಎರಡು ಉರುಳೆಗಳ ನಡುವೆ ಬಟ್ಟೆ ಕೊಡುತ್ತಿದ್ದರು, ನಾನು ಹಿಡಿ ತಿರುಗಿಸುತ್ತಿದ್ದೆ. ಮೊದಲ ಬಟ್ಟೆ ಮುಗಿಯಿತು. ಎರಡನೆಯದನ್ನು ಕೊಡುತ್ತಾ ಅವರು, “ಅಲ್ಲಿ ಮತ್ತೆ ಮಾತು ನಿಂತೋದ್ರೆ ಆ ಡಾಕ್ಟರ ಹತ್ರಾನೇ ಕಳಿಸ್ತಾರೇನೇ?” ಎಂದು ಕೇಳಿದರು. ಅವರ ಬಲಗೈ ಬಟ್ಟೆಯ ಜೊತೆ ಉರುಳೆಯ ಹತ್ತಿರ ಹೋಯಿತು. ಅದನ್ನು ನಾನು ಕಂಡೆ. ನಿಲ್ಲಿಸಲಿಲ್ಲ, ಜೋರಾಗಿ ತಿರುಗಿಸಿದೆ.

ಅವರು ಕೂಗಲಿಲ್ಲ. ನಾನು ಹಿಡಿಯನ್ನು ಹಿಂದಕ್ಕೆ ತಿರುಗಿಸಿ ಕೈ ಬಿಡಿಸಿದೆ. “ನೀನು ನೋಡ್ತಾನೇ ಇದ್ದೆ ಅಲ್ವಾ?” ಎಂದರು. ಹೌದು ಎಂದೆ. “ಯಾರ್ ಹತ್ರಾನೂ ಬಾಯಿ ಬಿಡ್ಬೇಡ. ನಾನೇ ಕೈ ಇಟ್ಟೆ ಅಂತೀನಿ” ಎಂದರು. ಎಷ್ಟೋ ತಿಂಗಳಿಂದ ಅವರು ಅಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ.

ಆಸ್ಪತ್ರೆಯಲ್ಲಿ ಅವರ ಮೂರು ಬೆರಳು ತೆಗೆದರು. ಮಧ್ಯಾಹ್ನ ಸೈನ್ಯದ ಪೊಲೀಸರು ಬಂದು ವಿಚಾರಿಸಿದಾಗ ನನ್ನ ಗಂಡ ತಾವೇ ಕೈ ಇಟ್ಟಿದ್ದಾಗಿ ಹೇಳಿದರು. ಅಲ್ಲ, ಮಾಡಿದ್ದು ನಾನೆಂದು ಹೇಳಿದೆ. ಹೆಂಡತಿ ಹಾಗೆ ಹೇಳುವುದು ಸಹಜವೆಂದು ಹೇಳಿ, ಅವರನ್ನು ಕಾವಲಿನಲ್ಲಿ ಬ್ಯಾರಕ್ಸಿಗೆ ಕರೆದೊಯ್ದರು. ಯುದ್ಧ ತಪ್ಪಿಸಿಕೊಳ್ಳಲು ತಾವೇ ಗಾಯ ಮಾಡಿಕೊಂಡ ಅಪರಾಧಕ್ಕೆ ಸೈನಿಕ ನ್ಯಾಯಾಲಯಕ್ಕೆ ಒಪ್ಪಿಸುವುದಾಗಿ ತಿಳಿಸಿದರು.

ಹಿಡಿ ತಿರುಗಿಸುವಾಗ ನಿಮ್ಮ ಕೈ ಜಾರಿತೆಂದು ಬರೆದುಕೊಳ್ಳಲೇ, ಇಲ್ಲದಿದ್ದರೆ ನಿಮಗೆ ಜೈಲಾಗುತ್ತದೆ ಎಂದು ಈಗ ಸಾರ್ಜೆಂಟರು ಕೇಳಿದರು. ಬೇಡ, ಕೈ ಜಾರಿತೆಂದರೆ ಸೈನ್ಯದವರು ನಂಬುವುದಿಲ್ಲ, ಗಂಡನಿಗೇ ಶಿಕ್ಷೆ ಕೊಡುತ್ತಾರೆ ಎಂದೆ. ನನ್ನ ಮಾತಿಗೆ ಸಾಕ್ಷಿ ಯಾರೆಂದು ಕೇಳಿದರು. ಶ್ರೀಮತಿ ಟಾರ್ಡಾಫ್ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾರೆ. ನಾನು ಕರೆದಿರಲಿಲ್ಲ. ಬೆಳಿಗ್ಗೆ ನಾನು ಹೊರಟಿದ್ದನ್ನು ಕಂಡು, “ಗೋಡೆ ಮೇಲಿಂದ ನೋಡಿದ್ದು ನಾನು, ನನ್ನನ್ನ ಬಿಟ್ಟು ಹೋಗ್ತೀಯಾ?” ಎಂದು ಟೋಪಿ ಹಾಕಿಕೊಂಡು ಬಂದರು.

ಮಾಡಿದ್ದಕ್ಕೆ ವಿಷಾದವಿದೆಯೇ ಎಂದು ಸಾರ್ಜೆಂಟರು ಕೇಳಿದರು. ಬಣ್ಣದ ಕೆಲಸಕ್ಕೆ ಎರಡೂ ಕೈ ಬೇಕು, ಅದಕ್ಕಾಗಿ ಇದೆ ಎಂದೆ. ತಾವು ಕೇಳಿದ್ದು ಅದನ್ನಲ್ಲ ಎಂದರು. ಹಾಗಿದ್ದರೆ ಇಲ್ಲ ಎಂದೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಡೆದದ್ದೇ.

ಸ್ಥಳ: ಹ್ಯಾಲಿಫ್ಯಾಕ್ಸ್
ದಿನಾಂಕ: 20 ಮಾರ್ಚ್ 1917

(ಸಹಿ) ಹೆಸ್ಟರ್ ಮಿಜ್ಲಿ